ಆ ರಿಪೋರ್ಟನ್ನು ಯಾರಿಗೆ ತೋರಿಸುತ್ತೀರಿ?

(ಇಶ್ಯೂ ಟ್ರ್ಯಾಕರ್ ಅಂದರೆ ತೊಂದರೆ, ಬೇಡಿಕೆಗಳನ್ನು ಒಂದೊಂದು ಟಿಕೆಟ್ ಆಗಿ ಬರೆದಿಟ್ಟು, ಮುಗಿಯುವವರೆಗೂ ಬೆನ್ನು ಹತ್ತುವ ಸಾಫ್ಟ್‌ವೇರ್. ಅದನ್ನು ತಯಾರಿಸುವವರೂ ಬಳಸುವವರೂ ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸ್ಲೈಡುಗಳು ಇರಲೇ ಇಲ್ಲ, ಹಾಗಾಗಿ ಓದುವವರಿಗೆ ತಪ್ಪಿಹೋದದ್ದು ಏನೂ ಇಲ್ಲ.)

ನಮಸ್ಕಾರ.

ನಾನು ಹಲವು ವರ್ಷ ಒಂದು ಇಶ್ಯೂ ಟ್ರ್ಯಾಕರ್‌ನ ರಿಪೋರ್ಟ್ ಭಾಗವನ್ನು ನೋಡಿಕೊಂಡಿದ್ದೆ. ಕೋಡ್ ಬರೆಯುವುದು ಅರ್ಧ ಕೆಲಸ. ಉಳಿದರ್ಧ, ಗ್ರಾಹಕರು ಬರೆದು ಕಳಿಸಿದ್ದನ್ನು ಓದುವುದು. ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದೇ ವಾಕ್ಯ: "ರಿಪೋರ್ಟ್‌ನಲ್ಲಿ ಇನ್ನೊಂದು ಕಾಲಂ ಬೇಕು."

ಒಬ್ಬ ಗ್ರಾಹಕರ ಕಥೆ ಹೇಳುತ್ತೇನೆ. ಅವರು ಮೊದಲು ಕೇಳಿದ್ದು, ಟಿಕೆಟ್‌ನಲ್ಲಿ ಕೊನೆಯ ಕಾಮೆಂಟ್ ಬರೆದವರ ಹೆಸರಿಗೆ ಒಂದು ಕಾಲಂ. ಸೇರಿಸಿದೆವು. ಮುಂದಿನ ತಿಂಗಳು, ಆ ಕಾಮೆಂಟ್‌ನ ದಿನಾಂಕಕ್ಕೆ ಒಂದು ಕಾಲಂ. ಅದನ್ನೂ ಸೇರಿಸಿದೆವು. ಆಮೇಲೆ, ಬರೆದವರು ಒಳಗಿನವರೋ ಹೊರಗಿನವರೋ ಅಂತ ತೋರಿಸಲು ಇನ್ನೊಂದು. ಇದು ಹನುಮಂತನ ಬಾಲ ಅನ್ನಿಸಿತು. ಒಂದೊಂದೇ ಕಾಲಂ ಕೊಡುವ ಬದಲು, ಯಾರಿಗೆ ಏನು ಬೇಕೋ ಅವರೇ ಜೋಡಿಸಿಕೊಳ್ಳಲಿ ಅಂತ ದೊಡ್ಡದಾಗಿ ಒಂದು ರಿಪೋರ್ಟ್ ಬಿಲ್ಡರ್ ಕಟ್ಟಿದೆವು. ಎಳೆದು ತಂದು ಬಿಡುವ ಕಾಲಂಗಳು, ಫಿಲ್ಟರ್‌ಗಳು, ಗುಂಪು ಮಾಡುವುದು, ನಾಲ್ಕು ಬಗೆಯ ಚಾರ್ಟ್. ತಿಂಗಳುಗಟ್ಟಲೆ ಹಿಡಿಯಿತು. ಬಿಡುಗಡೆಯಾದ ದಿನ ಅವರೇ ಫೋನ್ ಮಾಡಿದರು. "ತುಂಬಾ ಚೆನ್ನಾಗಿದೆ ಸಾರ್. ಎಕ್ಸೆಲ್‌ಗೆ ಇಳಿಸೋ ಬಟನ್ ಎಲ್ಲಿದೆ?"

ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೂ ಕೇಳಿದೆ, "ಎಕ್ಸೆಲ್‌ಗೆ ಇಳಿಸಿ ಏನು ಮಾಡ್ತೀರಿ?" ಅವರು ಹೇಳಿದ್ದು ಹೀಗೆ. ಪ್ರತಿ ಸೋಮವಾರ ಬೆಳಿಗ್ಗೆ ಅವರ ಮೇಲಿನವರು ಒಂದೇ ಪ್ರಶ್ನೆ ಕೇಳುತ್ತಾರೆ: "ಇದರಲ್ಲಿ ಎಷ್ಟು ನಮ್ಮಿಂದ ನಿಂತಿದೆ, ಎಷ್ಟು ಬೇರೆಯವರ ಉತ್ತರಕ್ಕೆ ಕಾಯ್ತಾ ಇದೆ?" ಅದಕ್ಕೆ ಉತ್ತರ ಕೊಡಲು ಇವರು ಭಾನುವಾರ ರಾತ್ರಿ ಕೂತು ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿಕೊಳ್ಳುತ್ತಿದ್ದರು. ಸಾಲು ಸಾಲಾಗಿ ಓದಿ, ಕೈಯಿಂದಲೇ ಹಳದಿ, ಕೆಂಪು ಬಣ್ಣ ಬಳಿದು, ಕೊನೆಗೆ ಎರಡು ಅಂಕಿ ಬರೆದು ಕಳಿಸುತ್ತಿದ್ದರು.

ಎರಡೇ ಅಂಕಿ. ಅವರು ಕೇಳಿದ ಕಾಲಂಗಳೆಲ್ಲ ಆ ಒಂದು ಪ್ರಶ್ನೆಯ ಚೂರುಗಳು. ಪ್ರಶ್ನೆಯನ್ನು ನಮಗೆ ಹೇಳಿದರೆ ಅರ್ಥವಾಗುವುದಿಲ್ಲ ಅಂದುಕೊಂಡು, ಪಾಪ, ಅದನ್ನು ಕಾಲಂಗಳ ಭಾಷೆಗೆ ತಿರುಗಿಸಿ ಕಳಿಸುತ್ತಿದ್ದರು. ನಾವೂ "ಈ ರಿಪೋರ್ಟನ್ನು ಯಾರಿಗೆ ತೋರಿಸ್ತೀರಿ?" ಅಂತ ಒಂದು ದಿನವೂ ಕೇಳಿರಲಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಅಷ್ಟೇ. ಉಳಿದದ್ದೆಲ್ಲ ಅದರ ಸುತ್ತಲಿನ ಮಾತು.

ಈ ಸಾಫ್ಟ್‌ವೇರ್‌ಗಳ ಹುಟ್ಟನ್ನು ಸ್ವಲ್ಪ ನೋಡೋಣ. ಯಾಕೆ ಅಂದರೆ ಇವತ್ತಿನ ಗೊಂದಲ ಅಲ್ಲಿಂದಲೇ ಬಂದಿದೆ. ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಮಾಡುವವರ ಬಗ್ ವ್ಯವಸ್ಥೆ (ಬಗ್ ಅಂದರೆ ಸಾಫ್ಟ್‌ವೇರ್‌ನ ದೋಷ) 1994ರ ಹೊತ್ತಿನದು, ಪೂರ್ತಿ ಈಮೇಲ್ ಮೇಲೆ ನಡೆಯುವಂಥದ್ದು. ಬಗ್‌ಜಿಲ್ಲಾ ಅನ್ನುವ ಟ್ರ್ಯಾಕರನ್ನು ಟೆರಿ ವೈಸ್‌ಮನ್ 1998ರಲ್ಲಿ ಮೊಜಿಲ್ಲಾ ಬ್ರೌಸರ್ ಯೋಜನೆಗಾಗಿ ಬರೆದರು. ಜಿರಾ ಅನ್ನುವ ಇನ್ನೊಂದು ಟ್ರ್ಯಾಕರ್ ಬಂದಿದ್ದು 2002ರಲ್ಲಿ. ಅದರ ಹೆಸರೇ ಬಗ್‌ಜಿಲ್ಲಾಕ್ಕೆ ಹೊಡೆದ ಒಂದು ಜೋಕು. ಸಿನಿಮಾದ ದೈತ್ಯ ಪ್ರಾಣಿ ಗಾಡ್ಜಿಲ್ಲಾಕ್ಕೆ ಜಪಾನಿನವರು ಗೊಜಿರಾ ಅನ್ನುತ್ತಾರೆ, ಅದರ ಬಾಲ ಹಿಡಿದು ಜಿರಾ ಅಂದರು. ಇವೆಲ್ಲ ಹುಟ್ಟಿದ್ದು ಬಗ್ ಹಿಡಿಯಲು. ಆದರೆ ಬಗ್ ಹೇಳಲು ಒಂದು ಬಾಗಿಲು ತೆರೆದರೆ, ಆಸೆ ಹೇಳುವವರೂ ಅದೇ ಬಾಗಿಲಲ್ಲಿ ಬರುತ್ತಾರೆ. ಅವರಿಗೆ ಬೇರೆ ಬಾಗಿಲು ಎಲ್ಲಿದೆ? ಡೆಬಿಯನ್ ಅದಕ್ಕೆ "ವಿಶ್‌ಲಿಸ್ಟ್" ಅಂತ ಒಂದು ಮಟ್ಟ ಇಟ್ಟಿತು, ಬಗ್‌ಜಿಲ್ಲಾ "ಎನ್‌ಹ್ಯಾನ್ಸ್‌ಮೆಂಟ್" ಅಂತ ಇಟ್ಟಿತು. ಅದೂ ಎಲ್ಲಿ? ಬಗ್ ಎಷ್ಟು ಗಂಭೀರ ಅಂತ ಅಳೆಯುವ ಪಟ್ಟಿಯಲ್ಲಿ, ಎಲ್ಲಕ್ಕಿಂತ ಕೆಳಗೆ. ಅಂದರೆ ಗ್ರಾಹಕನ ಆಸೆ ಅನ್ನುವುದು ಎಲ್ಲಕ್ಕಿಂತ ಚಿಕ್ಕ ಬಗ್! ಬೇಕು ಅಂತಲೇ ಮಾಡಿದ್ದಲ್ಲ ಬಿಡಿ. ಆದರೆ ಇಪ್ಪತ್ತೈದು ವರ್ಷವಾದರೂ ಎಷ್ಟೋ ಕಡೆ ಗ್ರಾಹಕರ ಫೀಡ್‌ಬ್ಯಾಕ್ ಇವತ್ತಿಗೂ ಕೂತಿರುವುದು ಅದೇ ಮೂಲೆಯಲ್ಲಿ.

ಟಿಕೆಟ್ ಮುಚ್ಚುವಾಗ ಹಾಕುವ ಪದಗಳನ್ನು ನೋಡಿ. ಬಗ್‌ಜಿಲ್ಲಾದಲ್ಲಿ ಫಿಕ್ಸ್‌ಡ್, ಇನ್‌ವ್ಯಾಲಿಡ್, ವೋಂಟ್‌ಫಿಕ್ಸ್, ಡೂಪ್ಲಿಕೇಟ್, ಆಮೇಲೆ ನನಗೆ ತುಂಬ ಇಷ್ಟವಾದ ವರ್ಕ್ಸ್‌ಫಾರ್‌ಮಿ. "ನನ್ನ ಹತ್ತಿರ ಸರಿಯಾಗೇ ಇದೆಯಲ್ಲ" ಅಂತ ಅದರ ಅರ್ಥ. ಬರೆದವರಿಗೆ ಇದು ಸುಮ್ನೆ ಒಂದು ತಾಂತ್ರಿಕ ಪದ. ಓದುವ ಗ್ರಾಹಕರಿಗೆ, ಮುಖದ ಮೇಲೆ ಬಾಗಿಲು ಹಾಕಿದ ಸದ್ದು. ರಿಪೋರ್ಟ್ ಬರೆಯುವಾಗ ಈ ಐದನ್ನೂ "ಮುಗಿದದ್ದು" ಅಂತ ಒಂದೇ ಕಂಬಕ್ಕೆ ಸೇರಿಸುತ್ತೇವೆ, ಅಲ್ವಾ? ಸರಿ ಮಾಡಿ ಮುಗಿಸಿದ್ದು, ಬೇಡ ಅಂದು ಮುಗಿಸಿದ್ದು, ಅರ್ಥವಾಗದೆ ಮುಗಿಸಿದ್ದು, ಮೂರೂ ಒಂದೇ ಹಸಿರು ಬಣ್ಣ. ನಿಮ್ಮ ಟ್ರ್ಯಾಕರ್‌ನಲ್ಲಿ ಬದಲಾಯಿಸಲು ಒಂದೇ ಒಂದು ರಿಪೋರ್ಟ್ ಸಿಗುತ್ತದೆ ಅಂದರೆ ಇದನ್ನು ಬದಲಾಯಿಸಿ. ಆ ಹಸಿರು ಕಂಬವನ್ನು ಒಡೆದು ತೋರಿಸಿ.

ಟ್ರ್ಯಾಕರ್ ಮಾಡುವವರಿಗೇ ಬಳಸುವವರು ಪಾಠ ಹೇಳಿದ್ದೂ ಉಂಟು. 2016ರ ಜನವರಿಯಲ್ಲಿ ಓಪನ್ ಸೋರ್ಸ್, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಡುವ ಯೋಜನೆಗಳನ್ನು ನಡೆಸುವ ಬಹಳ ಜನ ಸೇರಿ, ಅಂಥ ಕೋಡನ್ನೂ ಅದರ ಇಶ್ಯೂಗಳನ್ನೂ ಇಡುವ ತಾಣವಾದ ಗಿಟ್‌ಹಬ್‌ಗೆ ಒಂದು ಬಹಿರಂಗ ಪತ್ರ ಬರೆದರು. ಅವರ ದೂರು ಏನು? ಬಗ್ ಹೇಳುವವರು ಬೇಕಾದ ವಿವರವನ್ನೇ ಕೊಡುವುದಿಲ್ಲ, ಅದನ್ನು ಕೇಳಿ ಪಡೆಯಲು ನಮಗೆ ದಾರಿ ಇಲ್ಲ ಅನ್ನುವುದು ಒಂದು. "ನನಗೂ ಹಾಗೇ ಆಗ್ತಿದೆ" ಅನ್ನುವುದಕ್ಕೆ ಎಲ್ಲರೂ "+1" ಅಂತ ಕಾಮೆಂಟ್ ಹಾಕಿ ತುಂಬಿಸುತ್ತಾರೆ, ಓದಬೇಕಾದ ಮಾತು ಅದರಡಿ ಹೂತುಹೋಗುತ್ತದೆ ಅನ್ನುವುದು ಇನ್ನೊಂದು. ಮೂರನೆಯದು, ಇದನ್ನೆಲ್ಲ ನಿಮಗೆ ಎಷ್ಟು ಸಲ ಹೇಳಿದರೂ ಉತ್ತರವೇ ಬರುವುದಿಲ್ಲ ಅನ್ನುವುದು. ಮುಂದಿನ ತಿಂಗಳು, ಫೆಬ್ರವರಿಯಲ್ಲಿ, ಇಶ್ಯೂಗೆ ಟೆಂಪ್ಲೇಟ್, ಅಂದರೆ ಏನೇನು ಬರೆಯಬೇಕು ಅಂತ ಮೊದಲೇ ಹೇಳುವ ಮಾದರಿ, ಬಂತು. ಮಾರ್ಚ್‌ನಲ್ಲಿ, ಕಾಮೆಂಟ್ ಬರೆಯದೆ ಹೆಬ್ಬೆರಳು ತೋರಿಸುವ ರಿಯಾಕ್ಷನ್ ಬಂತು.

ಇದರಲ್ಲಿ ನನಗೆ ತಮಾಷೆ ಅನ್ನಿಸುವುದು ಆ "+1"ಗಳದ್ದು. ಜನ ಕಾಮೆಂಟ್ ಪೆಟ್ಟಿಗೆಯನ್ನು ಮತಪೆಟ್ಟಿಗೆ ಮಾಡಿಕೊಂಡಿದ್ದರು. ಅದು ಕೂಡ ಒಂದು ಫೀಡ್‌ಬ್ಯಾಕ್. ನೀವು ಕೊಟ್ಟ ಜಾಗದಲ್ಲಿ ಜನ ಬೇರೆ ಏನನ್ನೋ ತುಂಬುತ್ತಿದ್ದಾರೆ ಅಂದರೆ, ಅದನ್ನು ಇಡಲು ಅವರಿಗೆ ಬೇರೆ ಜಾಗ ಇಲ್ಲ ಅಂತ ಅರ್ಥ. ಟಿಕೆಟ್‌ನ ತಲೆಬರಹದಲ್ಲಿ ಚೌಕ ಕಂಸದೊಳಗೆ ಗ್ರಾಹಕರ ಹೆಸರು ಬರೆಯುತ್ತಿದ್ದಾರಾ? ವಿವರದ ಕೊನೆಯಲ್ಲಿ "ಅರ್ಜೆಂಟ್!!!" ಅಂತ ಮೂರು ಆಶ್ಚರ್ಯ ಚಿಹ್ನೆ ಹಾಕುತ್ತಿದ್ದಾರಾ? ಸರ್ವೇ ಕಳಿಸುವ ಮೊದಲು ಅದನ್ನು ಹೋಗಿ ನೋಡಿ.

"ನನಗೂ ಇದು ಬೇಕು" ಅಂತ ಟಿಕೆಟ್‌ಗೆ ಹಾಕುವ ವೋಟುಗಳ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ವೋಟು ಹಾಕುವವರು ಟ್ರ್ಯಾಕರ್‌ವರೆಗೆ ಬಂದು, ಲಾಗಿನ್ ಆಗಿ, ಹುಡುಕಿ, ತಮ್ಮ ತೊಂದರೆಯನ್ನು ಬೇರೆಯವರ ಮಾತಿನಲ್ಲಿ ಗುರುತಿಸಿದವರು. ಬೇಸತ್ತು ಬಿಟ್ಟುಹೋದವರು ವೋಟು ಹಾಕುವುದಿಲ್ಲ. ಹೊಸಬರಿಗೆ ವೋಟು ಇದೆ ಅಂತಲೇ ಗೊತ್ತಿರುವುದಿಲ್ಲ. ಇನ್ನೊಂದು, ಹಳೆಯ ಟಿಕೆಟ್‌ಗೆ ವೋಟು ಜಾಸ್ತಿ ಇರುತ್ತದೆ, ಯಾಕೆಂದರೆ ಅದು ಜಾಸ್ತಿ ದಿನದಿಂದ ಬಿದ್ದಿದೆ. ಅಷ್ಟೇ. ವೋಟಿನ ಲೆಕ್ಕ ತೋರಿಸಲೇಬೇಕು ಅಂದರೆ ಕಳೆದ 90 ದಿನದಲ್ಲಿ ಬಿದ್ದ ವೋಟು ಎಷ್ಟು ಅಂತ ತೋರಿಸಿ. ಪಟ್ಟಿಯ ಮುಖವೇ ಬದಲಾಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. "ಗ್ರಾಹಕ" ಅಂತ ನಾವು ಒಬ್ಬರ ಹಾಗೆ ಮಾತಾಡುತ್ತೇವೆ. ಇಶ್ಯೂ ಟ್ರ್ಯಾಕರ್‌ಗೆ ಪ್ರತಿ ಗ್ರಾಹಕ ಕಂಪನಿಯಲ್ಲೂ ಕಡಿಮೆ ಅಂದರೆ ಮೂರು ಜನ ಇರುತ್ತಾರೆ. ಒಬ್ಬರು ದಿನವಿಡೀ ಟಿಕೆಟ್ ತುಂಬಿಸುವವರು. ಒಬ್ಬರು ಅಡ್ಮಿನ್, ಸೆಟ್ಟಿಂಗ್ ಎಲ್ಲ ಅವರ ಕೈಯಲ್ಲಿ. ಮೂರನೆಯವರು ರಿಪೋರ್ಟ್ ಓದುವವರು. ಅವರು ಟ್ರ್ಯಾಕರ್ ತೆರೆಯುವುದೇ ಅಪರೂಪ. ನಮಗೆ ಫೀಡ್‌ಬ್ಯಾಕ್ ಬರೆಯುವುದು ಹೆಚ್ಚಾಗಿ ಆ ನಡುವಿನ ಅಡ್ಮಿನ್. ಬೇಕು ಅನ್ನುವವರು ಓದುವವರು. ಅದರ ಬೆಲೆ ತೆರುವವರು ತುಂಬಿಸುವವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಮೂವರೂ ಮೂರು ಕಡೆ. ನಮಗೆ ಕೇಳಿಸುವುದು ಒಬ್ಬರ ದನಿ ಮಾತ್ರ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಘಟನೆ. ಒಂದು ಕಡೆ ಮೇಲಿನವರಿಗೆ "ಬಗ್‌ಗಳು ಯಾಕೆ ಬರುತ್ತಿವೆ" ಅಂತ ತಿಳಿಯಬೇಕಿತ್ತು. ನ್ಯಾಯವಾದ ಪ್ರಶ್ನೆಯೇ. ಅಡ್ಮಿನ್ "ಮೂಲ ಕಾರಣ" ಅಂತ ಒಂದು ಕಸ್ಟಮ್ ಫೀಲ್ಡ್, ಅಂದರೆ ತಾವೇ ಮಾಡಿಕೊಂಡ ತುಂಬುವ ಜಾಗ, ಸೇರಿಸಿದರು. ಹದಿನಾಲ್ಕು ಆಯ್ಕೆ, ಅಕಾರಾದಿ ಸಾಲಿನಲ್ಲಿ. ತುಂಬದೆ ಟಿಕೆಟ್ ಮುಚ್ಚಲು ಬಿಡುವುದಿಲ್ಲ. ಮೂರು ತಿಂಗಳ ನಂತರ ಪೈ ಚಾರ್ಟ್ ತೆಗೆದರೆ ಅರ್ಧಕ್ಕಿಂತ ಜಾಸ್ತಿ ಒಂದೇ ಬಣ್ಣ. "ಅಪೂರ್ಣ ವಿವರ." ಸಭೆ ನಡೆಯಿತು, ವಿವರ ಸರಿಯಾಗಿ ಬರೆಯುವುದು ಹೇಗೆ ಅಂತ ಎಲ್ಲರಿಗೂ ತರಬೇತಿ ಇಟ್ಟರು. ಆ ತರಬೇತಿಯಲ್ಲಿ ಕೂತವರಿಗೆಲ್ಲ ನಿಜ ಗೊತ್ತಿತ್ತು. "ಅಪೂರ್ಣ ವಿವರ" ಅನ್ನುವುದು ಅಕಾರದಲ್ಲಿ ಶುರುವಾಗುತ್ತದೆ. ಪಟ್ಟಿಯಲ್ಲಿ ಮೊದಲು ಬರುತ್ತದೆ. ಮೌಸ್ ಜಾಸ್ತಿ ಎಳೆಯಬೇಕಾಗಿಲ್ಲ.

(ಇಲ್ಲಿ ಸಭೆಯಲ್ಲಿ ಜೋರಾಗಿ ನಕ್ಕರು. ನಕ್ಕವರಲ್ಲಿ ಜಾಸ್ತಿ ಜನ ಟಿಕೆಟ್ ತುಂಬಿಸುವವರು ಅಂತ ನನ್ನ ಅಂದಾಜು.)

ಹಾಗಾಗಿ ಫೀಲ್ಡ್ ಸೇರಿಸುವ ಜಾಗದಲ್ಲೇ ನಾವು ಒಂದು ಚಿಕ್ಕ ಲೆಕ್ಕ ಇಟ್ಟೆವು: ಈ ಫೀಲ್ಡನ್ನು ಎಷ್ಟು ಜನ ಖಾಲಿ ಬಿಟ್ಟಿದ್ದಾರೆ, ಎಷ್ಟು ಜನ ಮೊದಲ ಆಯ್ಕೆಯಲ್ಲೇ ಬಿಟ್ಟಿದ್ದಾರೆ, ಇದನ್ನು ಎಷ್ಟು ರಿಪೋರ್ಟ್ ಬಳಸುತ್ತಿವೆ. ಹಾಗೆ ನೋಡಿದರೆ ಎಷ್ಟೋ ಫೀಲ್ಡ್‌ಗಳನ್ನು ಒಂದು ರಿಪೋರ್ಟೂ ಬಳಸುತ್ತಿರಲಿಲ್ಲ. ಕೇಳಿದವರು ಕೆಲಸ ಬಿಟ್ಟು ಹೋಗಿದ್ದರು, ಫೀಲ್ಡ್ ಉಳಿದಿತ್ತು.

ಕಸ್ಟಮ್ ಫೀಲ್ಡ್ ಒಳಗೆ ಹೇಗೆ ಕೂತಿರುತ್ತದೆ ಅನ್ನುವುದೂ ರಿಪೋರ್ಟ್‌ಗೆ ತಟ್ಟುತ್ತದೆ. ಬಗ್‌ಜಿಲ್ಲಾ ಹೆಚ್ಚಿನ ಕಸ್ಟಮ್ ಫೀಲ್ಡ್‌ಗಳಿಗೆ ಡೇಟಾಬೇಸ್‌ನಲ್ಲಿ ನಿಜವಾದ ಕಾಲಂ ಮಾಡುತ್ತದೆ. ಟ್ರ್ಯಾಕ್ ಅನ್ನುವ ಇನ್ನೊಂದು ಟ್ರ್ಯಾಕರ್ ಹಾಗಲ್ಲ. ಎಲ್ಲ ಕಸ್ಟಮ್ ಫೀಲ್ಡ್‌ಗಳನ್ನೂ ಟಿಕೆಟ್ ಸಂಖ್ಯೆ, ಫೀಲ್ಡ್‌ನ ಹೆಸರು, ಅದರಲ್ಲಿ ತುಂಬಿದ್ದು ಅಂತ ಒಂದೇ ಉದ್ದ ಟೇಬಲ್‌ನಲ್ಲಿ ಪಠ್ಯವಾಗಿ ಇಡುತ್ತದೆ. ಎರಡಕ್ಕೂ ಅದರದೇ ಅನುಕೂಲ ಇದೆ. ಆದರೆ ಪಠ್ಯವಾಗಿ ಇಟ್ಟ ಅಂಕಿಯನ್ನು ಹಾಗೇ ಏರಿಕೆ ಕ್ರಮದಲ್ಲಿ ಜೋಡಿಸಿದರೆ 9ಕ್ಕಿಂತ ಮೊದಲು 10 ಬಂದು ಕೂರುತ್ತದೆ. ಗ್ರಾಹಕರು "ನಿಮ್ಮ ಸಾಫ್ಟ್‌ವೇರ್‌ಗೆ ಎಣಿಸಲು ಬರಲ್ಲ" ಅಂತ ಬರೆಯುತ್ತಾರೆ. ತಪ್ಪೇನಿಲ್ಲ.

ಟ್ರ್ಯಾಕ್‌ನ ಮಾತು ಬಂತಲ್ಲ, ಅದರ ಧೈರ್ಯವನ್ನು ಮೆಚ್ಚಬೇಕು. ರಿಪೋರ್ಟ್ ಬೇಕಾ, ತಗೊಳ್ಳಿ, ಎಸ್‌ಕ್ಯೂಎಲ್ (ಡೇಟಾಬೇಸನ್ನು ಪ್ರಶ್ನೆ ಕೇಳುವ ಭಾಷೆ) ಬರೆದುಕೊಳ್ಳಿ ಅಂತ ಡೇಟಾಬೇಸನ್ನೇ ತೆರೆದಿಟ್ಟಿತು. ಕಾಲಂಗೆ "ಕಲರ್" ಅನ್ನುವ ಹೆಸರನ್ನು ಹಿಂದೆ ಮುಂದೆ ಎರಡೆರಡು ಅಡಿಗೆರೆ ಹಾಕಿ ಕೊಟ್ಟರೆ ಸಾಲಿಗೆ ಬಣ್ಣ ಬರುತ್ತದೆ, "ಗ್ರೂಪ್" ಅಂತ ಕೊಟ್ಟರೆ ಗುಂಪಾಗುತ್ತದೆ. ಎಸ್‌ಕ್ಯೂಎಲ್ ಬಲ್ಲವರಿಗೆ ಹಬ್ಬ. ಆದರೆ ಒಳಗಿನದನ್ನು ತೆರೆದಿಟ್ಟ ದಿನವೇ ಅದು ಗ್ರಾಹಕರಿಗೆ ಕೊಟ್ಟ ಮಾತಾಗುತ್ತದೆ. 2010ರಲ್ಲಿ 0.12 ಆವೃತ್ತಿ ಬಂದಾಗ ಟ್ರ್ಯಾಕ್ ಸಮಯವನ್ನು ಸೆಕೆಂಡಿನ ಬದಲು ಮೈಕ್ರೋಸೆಕೆಂಡಿನಲ್ಲಿ ಇಡಲು ಶುರುಮಾಡಿತು. ಅವರ ಕಡೆಯಿಂದ ನೋಡಿದರೆ ಒಳ್ಳೆಯ ಬದಲಾವಣೆ. ದಿನಾಂಕ ಬಳಸಿ ಸ್ವಂತ ರಿಪೋರ್ಟ್ ಬರೆದುಕೊಂಡಿದ್ದವರು ಮಾತ್ರ ಒಂದೊಂದನ್ನೂ ತೆಗೆದು ಹತ್ತು ಲಕ್ಷದಿಂದ ಭಾಗಿಸಬೇಕಾಯಿತು.

ಜಿರಾ ಬೇರೆ ದಾರಿ ಹಿಡಿಯಿತು. 2009ರಲ್ಲಿ ಬಂದ 4.0 ಆವೃತ್ತಿಯಲ್ಲಿ ಜೆಕ್ಯೂಎಲ್ ಅನ್ನುವ ತನ್ನದೇ ಹುಡುಕು ಭಾಷೆ ಕೊಟ್ಟಿತು. ನೋಡಲು ಎಸ್‌ಕ್ಯೂಎಲ್ ತರಹವೇ ಇದೆ. ಆದರೆ ಅದು ಟಿಕೆಟ್‌ಗಳನ್ನು ಆರಿಸಿ ಕೊಡುತ್ತದೆ, ಜೋಡಿಸಿ ಕೊಡುತ್ತದೆ. ಎಣಿಸಿ ಗುಂಪು ಮಾಡಿ ಕೊಡು ಅಂದರೆ ಅದು ಅದರ ಕೆಲಸವಲ್ಲ, ಅದಕ್ಕೆ ಬೇರೆ ಗ್ಯಾಜೆಟ್, ಅಂದರೆ ಲೆಕ್ಕ ತೋರಿಸುವ ಪುಟ್ಟ ಪೆಟ್ಟಿಗೆ, ಬೇಕು. ಎಸ್‌ಕ್ಯೂಎಲ್ ಬಲ್ಲವರು ಇಲ್ಲಿ ಬಂದು ತಲೆ ಚಚ್ಚಿಕೊಳ್ಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಆದರೂ ಒಳಗಿನ ಟೇಬಲ್ ಬದಲಾದಾಗ ಗ್ರಾಹಕರ ಹುಡುಕಾಟ ಮುರಿಯುವುದಿಲ್ಲ. ನನ್ನನ್ನು ಕೇಳಿದರೆ, ಈ ಎರಡನೆಯ ದಾರಿಯೇ ಸರಿ. ಜೊತೆಗೆ ಕಚ್ಚಾ ಡೇಟಾ ಪೂರ್ತಿ ಇಳಿಸಿಕೊಳ್ಳಲು ಒಂದು ದಾರಿ ಇರಲಿ. ಎಕ್ಸೆಲ್ ಜೊತೆ ಜಗಳ ಆಡಿ ಗೆದ್ದವರು ಯಾರೂ ಇಲ್ಲ.

ಇಳಿಸುವ ವಿಷಯದಲ್ಲಿ ಮೂರು ಮಾತು, ಬೇಗ ಹೇಳುತ್ತೇನೆ, ಯಾಕೆಂದರೆ ಇವು ಬೇಸರದ ವಿಷಯ, ಆದರೆ ಫೀಡ್‌ಬ್ಯಾಕ್‌ನ ದೊಡ್ಡ ಗುಡ್ಡೆ ಇಲ್ಲಿಂದಲೇ ಬರುತ್ತದೆ. ಸಿಎಸ್‌ವಿ ಫೈಲಿನ (ಅಲ್ಪವಿರಾಮ ಹಾಕಿ ಕಾಲಂ ಬೇರೆ ಮಾಡಿದ ಪಠ್ಯದ ಫೈಲು) ಮೊದಲಿಗೆ ಯೂನಿಕೋಡ್ ಗುರುತು ಇಲ್ಲದಿದ್ದರೆ, ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಇಂಗ್ಲಿಷ್ ಬಿಟ್ಟು ಉಳಿದ ಲಿಪಿಗಳು ಕಲಸುಮೇಲೋಗರ ಆಗಬಹುದು. ದಿನಾಂಕವನ್ನು 03/04 ಅಂತ ಬರೆದರೆ ಒಬ್ಬರಿಗೆ ಮಾರ್ಚ್, ಇನ್ನೊಬ್ಬರಿಗೆ ಏಪ್ರಿಲ್. ವರ್ಷ ಮೊದಲು ಬರೆಯಿರಿ. ಮೂರನೆಯದು ಸ್ವಲ್ಪ ಭಯದ್ದು. ಹೊರಗಿನವರು ಬರೆದ ಟಿಕೆಟ್‌ನ ತಲೆಬರಹ ಸಮ ಚಿಹ್ನೆಯಿಂದ ಶುರುವಾದರೆ ಎಕ್ಸೆಲ್ ಅದನ್ನು ಸೂತ್ರ ಅಂದುಕೊಳ್ಳುತ್ತದೆ. ಕೆಟ್ಟ ಬುದ್ಧಿಯವರು ಇದನ್ನು ಬಳಸಿಕೊಳ್ಳಬಲ್ಲರು. ಫೀಡ್‌ಬ್ಯಾಕ್ ಫಾರ್ಮ್ ಎಲ್ಲರಿಗೂ ತೆರೆದಿದ್ದರೆ ಇಳಿಸುವಾಗ ಅಂಥ ಅಕ್ಷರಗಳನ್ನು ಕಟ್ಟಿಹಾಕಿ.

ಈಗ ಅಂಕಿಗಳ ಒಳಗೆ ಹೋಗೋಣ. ನನ್ನ ಮಟ್ಟಿಗೆ ಇಲ್ಲಿ ಆಗುವಷ್ಟು ಅನ್ಯಾಯ ಬೇರೆಲ್ಲೂ ಆಗುವುದಿಲ್ಲ. ಅತಿ ಜಾಸ್ತಿ ಕೇಳುವ ರಿಪೋರ್ಟ್ ಯಾವುದು? "ಒಂದು ಟಿಕೆಟ್ ಮುಗಿಸಲು ಸರಾಸರಿ ಎಷ್ಟು ದಿನ?" ಒಂದು ತಂಡ ಒಂದು ತಿಂಗಳಲ್ಲಿ 20 ಟಿಕೆಟ್ ಮುಗಿಸಿತು ಅಂದುಕೊಳ್ಳಿ, ಒಂದೊಂದಕ್ಕೆ 2 ದಿನ. ಸರಾಸರಿ 2. ಮುಂದಿನ ತಿಂಗಳೂ ಹಾಗೇ 20 ಮುಗಿಸಿದರು. ಜೊತೆಗೆ, ಹಳೆಯದು ಎಷ್ಟು ದಿನ ಕೊಳೆಯಬೇಕು ಅಂತ 400 ದಿನದಿಂದ ಬಿದ್ದಿದ್ದ 5 ಟಿಕೆಟ್ ತೆಗೆದು ಮುಗಿಸಿದರು. ಈಗ ಸರಾಸರಿ ಎಷ್ಟು? ಸುಮಾರು 82 ದಿನ. ಜಾಸ್ತಿ ಕೆಲಸ ಮಾಡಿದ ತಿಂಗಳಲ್ಲೇ ಗ್ರಾಫ್ ಆಕಾಶಕ್ಕೆ ಹಾರುತ್ತದೆ, ಮೇಲಿನವರು ಹುಬ್ಬು ಗಂಟು ಹಾಕುತ್ತಾರೆ. ಹಳೆಯದನ್ನು ಮುಟ್ಟದೆ ಕೂತ ಪಕ್ಕದ ತಂಡ ಚಿನ್ನದಂಥ ತಂಡ. ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ ಮಧ್ಯದಲ್ಲಿ ಬರುವ ಅಂಕಿ, ಅಂದರೆ ಮೀಡಿಯನ್, ತೋರಿಸಿದ್ದರೆ ಎರಡೂ ತಿಂಗಳು 2 ದಿನವೇ ಇರುತ್ತಿತ್ತು. ಆದರೆ ಮೀಡಿಯನ್ ಕೂಡ ಪೂರ್ತಿ ಮದ್ದಲ್ಲ. ಅದೂ ಮುಗಿದವುಗಳ ಲೆಕ್ಕ. ಮುಗಿಯದೆ ಬಿದ್ದಿರುವವು ಎರಡರಲ್ಲೂ ಇಲ್ಲ. ಅದಕ್ಕೇ ಪಕ್ಕದಲ್ಲೇ ಇನ್ನೊಂದು ಸಾಲು ಇರಬೇಕು: ಈಗ ತೆರೆದಿರುವುದರಲ್ಲಿ ಅತಿ ಹಳೆಯದರ ವಯಸ್ಸೆಷ್ಟು.

ಇಲ್ಲಿ ಉಪಯೋಗಕ್ಕೆ ಬರುವ ಒಂದು ಹಳೆಯ ಲೆಕ್ಕ ಇದೆ. ಜಾನ್ ಲಿಟ್ಲ್ ಅನ್ನುವವರು 1961ರಲ್ಲಿ ಸಾಧಿಸಿ ತೋರಿಸಿದ್ದು. ಸರತಿಯಲ್ಲಿ ನಿಂತವರ ಸರಾಸರಿ ಸಂಖ್ಯೆ ಅಂದರೆ, ಬರುವ ವೇಗವನ್ನು ಒಬ್ಬರು ಕಾಯುವ ಸರಾಸರಿ ಹೊತ್ತಿನಿಂದ ಗುಣಿಸಿದಷ್ಟು. ದಿನಕ್ಕೆ 10 ಟಿಕೆಟ್ ಬರುತ್ತವೆ, ಯಾವಾಗ ನೋಡಿದರೂ ಸುಮಾರು 300 ತೆರೆದಿರುತ್ತವೆ ಅಂದರೆ, ಒಂದೊಂದು ಟಿಕೆಟ್ ಸರಾಸರಿ 30 ದಿನ ಕಾಯುತ್ತಿದೆ. ಬರುವುದೂ ಹೋಗುವುದೂ ಹೆಚ್ಚುಕಡಿಮೆ ಸಮ ಇದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಗ್ರಾಹಕರು ದೊಡ್ಡ ರಿಪೋರ್ಟ್ ಕೇಳಿದಾಗ ಎಷ್ಟೋ ಸಲ ಈ ಒಂದು ಗುಣಾಕಾರ ಹೇಳಿಕೊಟ್ಟು ಕಳಿಸಿದ್ದೇನೆ. ನಮ್ಮ ಮಾರಾಟದವರಿಗೆ ಅದು ಅಷ್ಟಾಗಿ ಇಷ್ಟವಾಗಲಿಲ್ಲ.

ಇನ್ನೊಂದು, ಸುಲಭ ಅಂತ ಎಲ್ಲರೂ ಅಂದುಕೊಳ್ಳುವ ಪ್ರಶ್ನೆ: "ಕಳೆದ ವರ್ಷ ಇದೇ ದಿನ ಎಷ್ಟು ಟಿಕೆಟ್ ತೆರೆದಿತ್ತು?" ಟಿಕೆಟ್‌ನ ಟೇಬಲ್‌ಗೆ ಗೊತ್ತಿರುವುದು ಇವತ್ತಿನ ಸ್ಥಿತಿ. ಮುಚ್ಚಿ, ಮತ್ತೆ ತೆರೆದು, ಬೇರೆ ತಂಡಕ್ಕೆ ದಾಟಿಸಿ, ಆದ್ಯತೆ ಎರಡು ಸಲ ಬದಲಾದ ಟಿಕೆಟ್ ಹೋದ ವರ್ಷ ಎಲ್ಲಿತ್ತು ಅಂತ ಹೇಳಬೇಕಾದರೆ ಬದಲಾವಣೆಯ ಚರಿತ್ರೆಯನ್ನು ಒಂದೊಂದಾಗಿ ಹಿಂದಕ್ಕೆ ಬಿಚ್ಚಬೇಕು. ಬಗ್‌ಜಿಲ್ಲಾ ಇದಕ್ಕೆ ಹಳ್ಳಿ ಲೆಕ್ಕದವರ ಉಪಾಯ ಮಾಡಿತ್ತು. ದಿನಕ್ಕೊಮ್ಮೆ ಒಂದು ಸ್ಕ್ರಿಪ್ಟ್ ಓಡಿ, ಆ ದಿನದ ಎಣಿಕೆಯನ್ನು ಬರೆದಿಟ್ಟುಬಿಡುತ್ತದೆ. ಚಾರ್ಟ್ ಆ ಬರೆದಿಟ್ಟದ್ದರಿಂದ ಬರುತ್ತದೆ. ಒರಟು ವಿಧಾನ, ಆದರೆ ಒಂದು ಸಲ ಬರೆದ ಅಂಕಿ ಆಮೇಲೆ ಬದಲಾಗುವುದಿಲ್ಲ. ಓದುವವರಿಗೆ ಅದು ಎಷ್ಟು ದೊಡ್ಡ ಸಮಾಧಾನ ಅಂತ ನನಗೆ ತಡವಾಗಿ ತಿಳಿಯಿತು.

ತಿಳಿದದ್ದು ಹೀಗೆ. ಒಬ್ಬ ಗ್ರಾಹಕರ ಸಭೆಯಲ್ಲಿ ನಮ್ಮ ಎರಡು ರಿಪೋರ್ಟ್ ಪಕ್ಕಪಕ್ಕ ತೆರೆದಿದ್ದರು. ಒಂದರಲ್ಲಿ ಆ ತಿಂಗಳು ಮುಗಿದದ್ದು 412. ಇನ್ನೊಂದರಲ್ಲಿ 409. ವ್ಯತ್ಯಾಸ ಮೂರೇ ಟಿಕೆಟ್. ತಿಂಗಳ ಕೊನೆಯ ರಾತ್ರಿ ಮುಗಿಸಿದವು. ಒಂದು ರಿಪೋರ್ಟ್ ಸರ್ವರ್‌ನ ಗಡಿಯಾರ ನೋಡುತ್ತಿತ್ತು, ಇನ್ನೊಂದು ನೋಡುವವರ ಗಡಿಯಾರ. ಅದನ್ನು ಒಂದೇ ದಿನದಲ್ಲಿ ಸರಿಮಾಡಿದೆವು. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆಮೇಲೆ ಎರಡು ವರ್ಷ ಅವರು ನಮ್ಮ ಪ್ರತಿ ಅಂಕಿಯನ್ನೂ ಕೈಯಿಂದ ಎಣಿಸಿ ನೋಡುತ್ತಿದ್ದರು. ಅವತ್ತಿನಿಂದ ನಮ್ಮ ಪ್ರತಿ ರಿಪೋರ್ಟ್‌ನ ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಬಂತು: ಯಾವ ಸಮಯವಲಯ, ಯಾವ ಹೊತ್ತಿನ ಡೇಟಾ, ಯಾವುದನ್ನು "ಮುಗಿದದ್ದು" ಅಂತ ಎಣಿಸಿದ್ದೇವೆ. ಅಂಕಿಯನ್ನು ಒತ್ತಿದರೆ ಅದರ ಹಿಂದಿರುವ ಟಿಕೆಟ್‌ಗಳ ಪಟ್ಟಿ ತೆರೆಯುತ್ತದೆ. ನಾವು ಮಾಡಿದ ಅಷ್ಟೂ ಕೆಲಸದಲ್ಲಿ ಅತಿ ಜಾಸ್ತಿ ಧನ್ಯವಾದ ಬಂದದ್ದು ಈ ಒತ್ತುವುದಕ್ಕೆ. ಒಂದು ಎಚ್ಚರ: ನೋಡುವ ಹಕ್ಕಿಲ್ಲದ ಟಿಕೆಟ್‌ಗಳು ಎಣಿಕೆಯಲ್ಲಿ ಸೇರಿ ಪಟ್ಟಿಯಲ್ಲಿ ಇಲ್ಲದಿದ್ದರೆ, "ಇನ್ನೂ ಎರಡು ಎಲ್ಲಿ?" ಅಂತ ಕೇಳುತ್ತಾರೆ. ಆ ಎರಡು ಇನ್ನೂ ಹೊರಗೆ ಹೇಳದ ಭದ್ರತಾ ದೋಷಗಳಾಗಿದ್ದರೆ, ಇವೆ ಅನ್ನುವ ಗುಟ್ಟು ಆಗಲೇ ರಟ್ಟಾಯಿತು.

ಕಾಲಕಾಲಕ್ಕೆ ತಾನೇ ಈಮೇಲ್ ಆಗುವ ರಿಪೋರ್ಟ್‌ಗಳ ಬಗ್ಗೆ ಒಂದು ಮಾತು. ಬಗ್‌ಜಿಲ್ಲಾದಲ್ಲಿ ಈ ಸೌಲಭ್ಯದ ಹೆಸರೇ "ವೈನಿಂಗ್", ಅಂದರೆ ಗೊಣಗುವುದು. ಇಷ್ಟು ಪ್ರಾಮಾಣಿಕವಾದ ಹೆಸರು ಸಾಫ್ಟ್‌ವೇರ್‌ನಲ್ಲಿ ಅಪರೂಪ. ನಮ್ಮಲ್ಲಿ ಒಂದು ಸಲ ಒಂದು ದೋಷದಿಂದ ಈ ಈಮೇಲ್‌ಗಳೆಲ್ಲ ನಿಂತುಹೋದವು. ನಮಗೆ ಗೊತ್ತಾದದ್ದು ಒಂಬತ್ತು ದಿನದ ಮೇಲೆ. ಅಷ್ಟು ದಿನ ಯಾರೂ ಕೇಳಲಿಲ್ಲ. ಬಣ್ಣಬಣ್ಣದ ಚಾರ್ಟ್, ಹದಿನೆಂಟು ಕಾಲಂ, ಯಾವುದೂ ಬರಲಿಲ್ಲ ಅಂತ ಯಾರಿಗೂ ಅನ್ನಿಸಲಿಲ್ಲ. ಕೊನೆಗೆ ಫೋನ್ ಮಾಡಿದ್ದು ಒಬ್ಬರೇ. ಅವರಿಗೆ ಬರುತ್ತಿದ್ದದ್ದು ಎರಡು ಸಾಲಿನ ಈಮೇಲ್. ನಮ್ಮಿಂದ ನಿಂತದ್ದು ಎಷ್ಟು, ಬೇರೆಯವರಿಗೆ ಕಾಯುತ್ತಿರುವುದು ಎಷ್ಟು. ಹೌದು, ಅವರೇ. ಅವರು ರಜೆಯಲ್ಲಿದ್ದರಂತೆ, ಇಲ್ಲದಿದ್ದರೆ ಮೊದಲ ಸೋಮವಾರವೇ ಫೋನ್ ಬರುತ್ತಿತ್ತು.

ಪ್ರಶ್ನೋತ್ತರದಲ್ಲಿ ಬಂದ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು, "ಗ್ರಾಹಕರು ಬರೆದದ್ದನ್ನು ನಾವು ಟಿಕೆಟ್ ಮಾಡುವಾಗ ನಮ್ಮ ಭಾಷೆಯಲ್ಲಿ ತಿದ್ದಿ ಬರೆಯಬೇಕಾ, ಹಾಗೇ ಹಾಕಬೇಕಾ?" ಎರಡೂ ಮಾಡಿ ಅಂದೆ. ತಿದ್ದಿದ್ದು ತಲೆಬರಹಕ್ಕೆ, ಅವರ ಮಾತು ಒಳಗೆ, ಒಂದಕ್ಷರವನ್ನೂ ಮುಟ್ಟದೆ. ಹತ್ತು ಜನ ಒಂದೇ ವಿಷಯ ಹೇಳಿದರೆ ಒಂಬತ್ತನ್ನು "ಡೂಪ್ಲಿಕೇಟ್" ಅಂತ ಮುಚ್ಚುತ್ತೇವಲ್ಲ, ಆ ಒಂಬತ್ತರಲ್ಲಿ ಹೇಳಿದ ರೀತಿ ಬೇರೆ ಇರುತ್ತದೆ. ನಿಜವಾದ ಪ್ರಶ್ನೆ ಎಷ್ಟೋ ಸಲ ಏಳನೆಯವರ ವಾಕ್ಯದಲ್ಲಿ ಸಿಕ್ಕಿದೆ. ಮುಚ್ಚಿ, ಆದರೆ ಜೋಡಿಸಿ ಇಡಿ.

ಇನ್ನೊಬ್ಬರು, ಸ್ವಲ್ಪ ಹಿಂದೆ ಕೂತಿದ್ದವರು, ಕೇಳಿದರು: "ಒಬ್ಬೊಬ್ಬರು ಎಷ್ಟು ಟಿಕೆಟ್ ಮುಚ್ಚಿದರು ಅನ್ನೋ ರಿಪೋರ್ಟ್ ಕೇಳಿದರೆ ಕೊಡ್ತೀರಾ?"

ಕೊಟ್ಟಿದ್ದೇವೆ. ಒಬ್ಬ ಗ್ರಾಹಕರು ಬಹಳ ಒತ್ತಾಯ ಮಾಡಿದರು, ದೊಡ್ಡ ಗ್ರಾಹಕರು, ಬೇಡ ಅನ್ನಲು ನನಗೆ ಧೈರ್ಯ ಬರಲಿಲ್ಲ. ಅಳತೆಯೇ ಗುರಿಯಾದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಅಂತ ಒಂದು ಮಾತಿದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣದ ನೀತಿಯ ಬಗ್ಗೆ ಬರೆದದ್ದರಿಂದ ಹುಟ್ಟಿದ್ದು. ನಮಗೆ ಅದನ್ನು ನೋಡಲು ಎರಡು ತಿಂಗಳು ಸಾಕಾಯಿತು. ಮೊದಲ ತಿಂಗಳು ಮುಚ್ಚಿದ ಸಂಖ್ಯೆ ಏರಿತು, ಎಲ್ಲರಿಗೂ ಖುಷಿ. ಎರಡನೆಯ ತಿಂಗಳು ಹೊಸ ಟಿಕೆಟ್‌ಗಳ ಸಂಖ್ಯೆಯೂ ಅಷ್ಟೇ ಏರಿತು. ಒಂದು ಕೆಲಸವನ್ನು ಐದು ಟಿಕೆಟ್ ಮಾಡಿ ಐದನ್ನೂ ಮುಚ್ಚುತ್ತಿದ್ದರು. ಕಷ್ಟದ ಟಿಕೆಟ್‌ಗಳು ಯಾರ ಹೆಸರೂ ಇಲ್ಲದೆ ಬಿದ್ದಿದ್ದವು. ಆಮೇಲೆ ಆ ಗ್ರಾಹಕರಿಂದಲೇ ಒಂದು ಫೀಡ್‌ಬ್ಯಾಕ್ ಬಂತು, ಅಡ್ಮಿನ್ ಬರೆದದ್ದು: "ರಿಪೋರ್ಟ್‌ನಲ್ಲಿ ಇನ್ನೊಂದು ಕಾಲಂ ಬೇಕು. ಯಾರೂ ಮುಟ್ಟದ ಟಿಕೆಟ್ ಎಷ್ಟು ಅಂತ."

ಈ ಸಲ ನಾನು ಕಾಲಂ ಸೇರಿಸುವ ಮೊದಲು ಫೋನ್ ಮಾಡಿದೆ.